ನಡುಮನೆಯಲ್ಲಿ ಟಾಕೀಸು

ಹೋಂ ಥಿಯೇಟರ್ ಮಾಡುವ ಮುಖ್ಯ ಕೆಲಸ ಸದ್ದಿಗೆ ಒಂದು ಜಾಗ ಕೊಡುವುದು. ಪರದೆಯ ಎಡಗಡೆಯಿಂದ ನುಗ್ಗುವ ಲಾರಿ ಎಡಗಡೆಯಿಂದಲೇ ಕೇಳಿಸಬೇಕು, ಕಥೆಯೊಳಗಿನ ಮಳೆ ಕೂತವರ ಬೆನ್ನ ಹಿಂದೆಯೂ ಸುರಿಯಬೇಕು, ಮಾತು ಆಡಿದವನ ಬಾಯಿಂದಲೇ ಹೊರಟಂತಿರಬೇಕು. ಜೋರು ಎಂಬುದು ಆಮೇಲಿನ ವಿಚಾರ. ಬರೀ ಜೋರು ಬೇಕಿದ್ದರೆ ಗಣಪತಿ ಪೆಂಡಾಲಿನ ಸೌಂಡ್ ಬಾಕ್ಸು ಬಾಡಿಗೆಗೆ ಸಿಗುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೊ ಪೇಟೆಂಟಿಗೆ ಅರ್ಜಿ ಹಾಕಿದ್ದಕ್ಕೂ ಇಂಥದೇ ಒಂದು ಕಿರಿಕಿರಿ ಕಾರಣ ಎನ್ನುತ್ತಾರೆ. ಸಿನಿಮಾದಲ್ಲಿ ನಟ ಪರದೆಯ ಈ ತುದಿಯಿಂದ ಆ ತುದಿಗೆ ನಡೆದುಹೋದರೂ ಅವನ ದನಿ ಇದ್ದಲ್ಲೇ ಇರುತ್ತಿತ್ತು.

ಡಬ್ಬದ ಮೇಲೆ ಅಚ್ಚಾಗಿರುವ 5.1 ಎಂಬ ಅಂಕಿ ಈ ಜಾಗಗಳ ಲೆಕ್ಕವೇ. ಮುಂದೆ ಎಡ, ನಡು, ಬಲ, ಕೂತವರ ಆಚೀಚೆ, ಕಿವಿಗಿಂತ ಸ್ವಲ್ಪ ಹಿಂದೆ ಮತ್ತೆರಡು, ಹೀಗೆ ಐದು. ಚುಕ್ಕಿಯ ಆಚೆಗಿನ ಒಂದು, ಸ್ಫೋಟ, ಗುಡುಗು, ಭೂಕಂಪದಂಥ ತಗ್ಗು ಸದ್ದಿಗೆಂದೇ ಇರುವ ಹಾದಿ. ಅದು 120 ಹರ್ಟ್ಜ್‌ವರೆಗಿನ ಸದ್ದನ್ನಷ್ಟೇ ಹೊತ್ತು ತರುತ್ತದೆ, ಮನುಷ್ಯನ ಕಿವಿ 20ರಿಂದ 20,000 ಹರ್ಟ್ಜ್‌ವರೆಗೆ ಕೇಳಬಲ್ಲದು. ಪೂರ್ತಿ ಹಾದಿಯ ಒಂದು ಸಣ್ಣ ಪಾಲಾದ್ದರಿಂದ ಅದಕ್ಕೆ ದಶಾಂಶದ ಸ್ಥಾನ. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಚಿತ್ರಮಂದಿರಕ್ಕೆ ಬಂತು. ಮರುವರ್ಷ ‘ಜುರಾಸಿಕ್ ಪಾರ್ಕ್’ ಜೊತೆ ಡಿಟಿಎಸ್ ಬಂತು. ಅದರ ಸದ್ದು ಫಿಲ್ಮಿನ ರೀಲಿನಲ್ಲಿರದೆ ಬೇರೆಯೇ ಸಿ.ಡಿ.ಗಳಲ್ಲಿದ್ದು, ರೀಲಿನ ಅಂಚಿನ ಗುರುತು ನೋಡಿಕೊಂಡು ಜೊತೆಜೊತೆಗೇ ಓಡುತ್ತಿತ್ತು. ಊರೂರಿನ ಟಾಕೀಸುಗಳು ಬೋರ್ಡಿನ ಮೇಲೆ ‘ಡಿಟಿಎಸ್’ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡು ಮೆರೆದದ್ದು ಆಮೇಲೆ.

ಈ ಆರು ಹಾದಿಗಳಲ್ಲಿ ಎಲ್ಲಕ್ಕೂ ಸಮಾನ ದುಡಿಮೆ ಇಲ್ಲ. ಸಿನಿಮಾದ ಮಾತಿನ ಬಹುಪಾಲು ನಡುವಿನ ಸ್ಪೀಕರಿಗೆ ಬೀಳುತ್ತದೆ. ಆದರೂ ಅಗ್ಗದ ಸೆಟ್ಟುಗಳಲ್ಲಿ ಎಲ್ಲಕ್ಕಿಂತ ಬಡವ ಅದೇ: ಅಂಗೈಯಗಲದ ಪ್ಲಾಸ್ಟಿಕ್ ಡಬ್ಬ, ಒಳಗೊಂದು ತೆಳು ಕೋನು. “ಬಾಂಬು ಸಿಡಿದರೆ ಕಿಟಕಿ ನಡುಗುತ್ತೆ, ಹೀರೋಯಿನ್ ಏನಂದಳು ಅಂತ ಮಾತ್ರ ಗೊತ್ತಾಗಲ್ಲ” ಎಂಬ ಮನೆಮನೆಯ ದೂರಿನ ಮೂಲ ಹೆಚ್ಚಾಗಿ ಅಲ್ಲಿದೆ. ಸ, ಷ, ಚ, ಟಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಿವಿಗೆ ಬೇಕಾಗುವ ಸುಳಿವು ಬಹುಮಟ್ಟಿಗೆ 2,000 ಹರ್ಟ್ಜ್‌ಗಿಂತ ಮೇಲಿನದು. ಅದನ್ನು ಚೊಕ್ಕವಾಗಿ ಕೊಡದ ಸ್ಪೀಕರಿನಲ್ಲಿ ಮಾತು ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಆಡಿದಂತಾಗುತ್ತದೆ. ಹೊಸದಾಗಿ ಕೊಳ್ಳುವವರು ಒಂದೇ ಒಂದು ಸ್ಪೀಕರನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವುದಿದ್ದರೆ ನಡುವಿನದನ್ನು ಪರೀಕ್ಷಿಸುವುದು ಲೇಸು.

ಮನೆಯಲ್ಲಿ ನಿಜಕ್ಕೂ ನೋಡುವುದೇನು ಎಂಬುದೂ ಲೆಕ್ಕಕ್ಕೆ ಬರಬೇಕು. ಸಂಜೆಯ ಧಾರಾವಾಹಿ, ಕ್ರಿಕೆಟ್ಟು, ಸುದ್ದಿ ಇವಕ್ಕೆ ಮುಂದಿನ ಸ್ಪೀಕರುಗಳೇ ಸಾಕು. 1972ರ ‘ಬಂಗಾರದ ಮನುಷ್ಯ’ದಂಥ ಚಿತ್ರಗಳ ಮೂಲ ಸದ್ದು ಒಂದೇ ಹಾದಿಯದು, ಐದಲ್ಲ, ಹನ್ನೊಂದು ಸ್ಪೀಕರಿಟ್ಟರೂ ಅದು ಐದಾಗಿ ಹಂಚಿಹೋಗುವುದಿಲ್ಲ. ಯಂತ್ರ ತನ್ನ ಬುದ್ಧಿಯಿಂದ ಹಿಂದಿನ ಸ್ಪೀಕರುಗಳಿಗೂ ಒಂದಿಷ್ಟು ಸದ್ದು ಬಳಿಯಬಲ್ಲದು, ಕೇಳಲು ಹಿತವಿರುವುದಿಲ್ಲ. ಓಟಿಟಿಯ ಹೊಸ ಚಿತ್ರಗಳೇ ಮನೆಯ ಮುಖ್ಯ ಆಹಾರವಾಗಿದ್ದರೆ 5.1ಕ್ಕೆ ಅರ್ಥವಿದೆ. ಹಾಡು ಕೇಳುವುದೇ ಹೆಚ್ಚಾಗಿದ್ದರೆ ಅದೇ ದುಡ್ಡಿಗೆ ಎರಡು ಒಳ್ಳೆಯ ಸ್ಪೀಕರು ತಂದು ಸುಮ್ಮನಾಗಬಹುದು.

ಇಷ್ಟಾದ ಮೇಲೂ ಅಂಗಡಿಗೆ ಹೊರಡುವ ಹೊತ್ತಾಗಿಲ್ಲ. ಸದ್ದನ್ನು ಕೆಡಿಸುವುದರಲ್ಲಾಗಲಿ ಉಳಿಸುವುದರಲ್ಲಾಗಲಿ ಕೋಣೆಯಷ್ಟು ಕೈವಾಡ ಬೇರಾವ ಉಪಕರಣಕ್ಕೂ ಇಲ್ಲ. ಅದಕ್ಕೆ ಅಂಗಡಿಯಲ್ಲಿ ಬಿಲ್ಲಾಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದರ ಮಾತು ಯಾರೂ ಎತ್ತುವುದಿಲ್ಲ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಮಂದಿರದಲ್ಲಿ ಯಾರು ಏನು ಹೇಳಿದರೂ ಕೇಳುಗರಿಗೆ ಗೊಜ್ಜಾಗಿ ಕೇಳಿಸುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ಭೌತಶಾಸ್ತ್ರದ ಕಿರಿಯ ಅಧ್ಯಾಪಕ ವ್ಯಾಲೇಸ್ ಸಬೈನ್ ಪಾಲಿಗೆ ಬಂತು. ಅಲ್ಲಿ ಒಂದು ಸದ್ದು ಪೂರ್ತಿ ಆರಲು ಐದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಮೊದಲ ಪದ ಆರುವುದರೊಳಗೆ ಹತ್ತು ಪದ ಅದರ ಮೇಲೆ ಬಿದ್ದಿರುತ್ತಿದ್ದವು. ಸಬೈನ್ ರಾತ್ರಿಯ ಹೊತ್ತು ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಇಷ್ಟು ಮೆತ್ತೆಗೆ ಇಷ್ಟು ಬೇಗ ಸದ್ದು ಆರುತ್ತದೆ ಎಂದು ಅಳೆಯುತ್ತ ಹೋದ; ಬೆಳಗಾಗುವುದರೊಳಗೆ ಮೆತ್ತೆಗಳು ಮತ್ತೆ ತಮ್ಮ ಜಾಗಕ್ಕೆ ಹೋಗಬೇಕಿತ್ತು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಸದ್ದು ಉಳಿಯುತ್ತದೆ, ಅದನ್ನು ಹೀರುವ ಮೆತ್ತನೆಯ ಹರಹು ಹೆಚ್ಚಿದಷ್ಟೂ ಬೇಗ ಆರುತ್ತದೆ ಎಂಬ ಅವನ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ.

ಈಗಿನ ಮನೆಗಳ ಹಾಲು ಫಾಗ್ ಮಂದಿರದ ಚಿಕ್ಕ ತಮ್ಮ. ಕೆಳಗೆ ವಿಟ್ರಿಫೈಡ್ ಟೈಲ್ಸು ಅಥವಾ ಗ್ರಾನೈಟು, ಮೇಲೆ ಆರ್‌ಸಿಸಿ, ಸುತ್ತ ಪುಟ್ಟಿ ಹಾಕಿ ನುಣುಪಾಗಿಸಿದ ಗೋಡೆ, ಒಂದು ಕಡೆ ಉದ್ದಕ್ಕೂ ಗಾಜು. ಗೃಹಪ್ರವೇಶಕ್ಕೆ ಮುಂಚೆ ಖಾಲಿ ಹಾಲಿನಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಗಳ ನಡುವೆ ಚಟಚಟ ಓಡಾಡುವುದು ಕಿವಿಗೇ ಸಿಗುತ್ತದೆ. ಸಾಮಾನು ತುಂಬಿದ ಮೇಲೆ ಅದು ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ಇದರ ಮದ್ದು ಜವಳಿ ಅಂಗಡಿಯಲ್ಲಿದೆ: ದಪ್ಪ ಪರದೆ, ಬಟ್ಟೆ ಹೊದಿಸಿದ ಸೋಫಾ, ಮುಂದಿನ ಸ್ಪೀಕರಿಗೂ ಕೂತವರಿಗೂ ನಡುವಿನ ನೆಲಕ್ಕೆ ಒಂದು ಜಮಖಾನ. ನವಲಗುಂದದ ಜಮಖಾನವಾದರೆ ನೋಟಕ್ಕೂ ಆಯಿತು. ಅದರ ಕೆಳಗೊಂದು ಕಂಬಳಿ ಮಡಚಿ ಹಾಸಿದರೆ ಕಿವಿಗೆ ಇನ್ನೂ ಒಳ್ಳೆಯದು. ಪುಸ್ತಕ ತುಂಬಿದ ಕಪಾಟು ಬೆನ್ನ ಹಿಂದಿದ್ದರೆ ಸದ್ದು ಒಂದೇ ದಿಕ್ಕಿಗೆ ಪುಟಿಯದೆ ಚದುರುತ್ತದೆ. ಓದದೆ ಇಟ್ಟ ಪುಸ್ತಕವೂ ಈ ಕೆಲಸ ಮಾಡುತ್ತದೆ.

ತಗ್ಗು ಸದ್ದಿಗೆ ಮಾತ್ರ ಜಮಖಾನ ಲೆಕ್ಕಕ್ಕಿಲ್ಲ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 40 ಹರ್ಟ್ಜ್‌ನ ಒಂದು ಅಲೆಯ ಉದ್ದ ಎಂಟೂವರೆ ಮೀಟರ್, ಅಂದರೆ 28 ಅಡಿ. ಹಾಲಿನ ಉದ್ದ ಹದಿನಾಲ್ಕು ಅಡಿಯಿದ್ದರೆ ಅದು ಸರಿಯಾಗಿ ಅರ್ಧ ಅಲೆ. ಹೋದ ಅಲೆಯೂ ಗೋಡೆಗೆ ಬಡಿದು ಬಂದ ಅಲೆಯೂ ಸೇರಿ ಅಲ್ಲಿಯೇ ನಿಂತುಬಿಡುತ್ತವೆ. ಆಗ ಗೋಡೆಗೆ ಅಂಟಿ ಕೂತವರಿಗೆ ಆ ಸದ್ದು ದುಪ್ಪಟ್ಟು, ಕೋಣೆಯ ನಟ್ಟನಡುವೆ ಕೂತವರಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದೇ ಸೆಟ್ಟನ್ನು ಅಣ್ಣನ ಮನೆಯಲ್ಲಿ ಕೇಳಿ ಮೆಚ್ಚಿ ತಂದ ತಮ್ಮನಿಗೆ ತನ್ನ ಮನೆಯಲ್ಲಿ ಅದು ಸಪ್ಪೆಯಾಗಿ ಕಾಣುವುದು ಹೀಗೆ. ಅಂಗಡಿಯವನು ಮೋಸ ಮಾಡಿರುವುದಿಲ್ಲ. ಸೋಫಾವನ್ನು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ಎಳೆಯುವುದು ಖರ್ಚಿಲ್ಲದ ಪರಿಹಾರ. ಕಸ ಗುಡಿಸುವವರಿಗೂ ಅನುಕೂಲ.

ಸ್ಪೀಕರುಗಳ ಜಾಗಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಒಂದು ಶಿಫಾರಸು ಇದೆ. ಮುಂದಿನ ಎಡ-ಬಲಗಳು ಕೂತವರ ನೇರ ನೋಟದಿಂದ 30 ಡಿಗ್ರಿ ಆಚೀಚೆ, ಹಿಂದಿನವು 110 ಡಿಗ್ರಿಯ ಸುಮಾರಿಗೆ. ಕೋನಮಾಪಕ ಹುಡುಕಬೇಕಿಲ್ಲ, ಮುಂದಿನ ಎರಡರ ನಡುವೆ ಎಂಟಡಿ ಇದ್ದರೆ ಕೂರುವ ಜಾಗವೂ ಎರಡರಿಂದಲೂ ಎಂಟೆಂಟಡಿ ಇರಲಿ, ಅಷ್ಟೇ. ಅವುಗಳ ಎತ್ತರ ಕೂತವರ ಕಿವಿಯ ಮಟ್ಟಕ್ಕಿದ್ದರೆ ಸರಿ. ವಾಡಿಕೆಯಲ್ಲಿ ಆಗುವುದೇ ಬೇರೆ. ಹಿಂದಿನ ಸ್ಪೀಕರಿನ ತಂತಿ ಹಾಲನ್ನು ಅಡ್ಡ ದಾಟಬೇಕು, ಅದು ಕಾಲಿಗೆ ತೊಡರುತ್ತದೆ ಎಂದು ಐದನ್ನೂ ತಂದು ಟಿವಿಯ ಶೋಕೇಸಿನಲ್ಲಿ, ಪ್ರಶಸ್ತಿ ಫಲಕ ಮತ್ತು ಗಾಜಿನ ತಾಜಮಹಲಿನ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಇಲ್ಲವೇ ಎಲೆಕ್ಟ್ರಿಷಿಯನ್ನು ಹಿಂದಿನ ಎರಡನ್ನು ಸೂರಿನ ಮೂಲೆಗೆ, ಜೇಡರ ಬಲೆಯ ನೆರೆಗೆ ಮೊಳೆ ಹೊಡೆದಿರುತ್ತಾನೆ. ಎರಡರಲ್ಲೂ 5.1ಕ್ಕೆ ಕೊಟ್ಟ ದುಡ್ಡಿಗೆ ಎರಡು ಸ್ಪೀಕರಿನ ಫಲ. ಮನೆ ಕಟ್ಟುತ್ತಿರುವವರು ಪ್ಲಾಸ್ಟರಿಂಗಿಗೆ ಮುಂಚೆಯೇ ಹಿಂದಿನ ಗೋಡೆಯವರೆಗೆ ಒಂದು ಖಾಲಿ ಪೈಪು ಓಡಿಸಿ ಬಿಡುವುದು ಜಾಣತನ; ಕರೆಂಟಿನ ತಂತಿಯ ಪೈಪಿನಿಂದ ಅದು ಬೇರೆಯೇ ಇರಬೇಕು.

ಈಗ ಕೊಳ್ಳುವ ಸಾಮಾನಿನ ಮಾತು. ಹೊಸಬರ ಮುಂದೆ ಮೂರು ದಾರಿಗಳಿವೆ. ಸೌಂಡ್‌ಬಾರ್ ಎಲ್ಲಕ್ಕಿಂತ ಸಲೀಸು: ಟಿವಿಯ ಕೆಳಗೊಂದು ಉದ್ದನೆಯ ಪಟ್ಟಿ, ಜೊತೆಗೆ ತಗ್ಗು ಸದ್ದಿಗೆಂದೇ ಒಂದು ಸಬ್‌ವೂಫರ್, ಕೆಲವಕ್ಕೆ ಹಿಂದಿನ ಎರಡು ಪುಟ್ಟ ಸ್ಪೀಕರು. ಚಿಕ್ಕ ಫ್ಲ್ಯಾಟು, ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯಬಾರದೆಂಬ ಮಾಲೀಕರು, ಇಂಥ ಕಡೆಗೆ ಅದೇ ಸೂಕ್ತ. ಹಿಂದಿನ ಸ್ಪೀಕರಿಗೆ ‘ವೈರ್‌ಲೆಸ್’ ಎಂದು ಬರೆದಿದ್ದರೆ ಸದ್ದಿನ ತಂತಿ ಇಲ್ಲವೆಂದಷ್ಟೇ ಅರ್ಥ. ಕರೆಂಟಿನ ತಂತಿ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಹತ್ತಿರ ಪ್ಲಗ್ ಪಾಯಿಂಟೂ ಬೇಕು. ಎರಡನೆಯದು ಒಂದೇ ಡಬ್ಬದಲ್ಲಿ ಎಲ್ಲವೂ ಬರುವ ಸಿದ್ಧ ಸೆಟ್ಟು. ಅಗ್ಗ, ಆದರೆ ಒಂದು ಭಾಗ ಕೆಟ್ಟರೆ ಅದಕ್ಕೆ ಹೊಂದುವ ಬದಲಿ ಸಿಗುವುದು ಕಷ್ಟ, ಮುಂದೆ ಬೆಳೆಸುವ ದಾರಿಯೂ ಇಲ್ಲ. ಯುಎಸ್‌ಬಿ, ಎಫ್ಎಂ, ಕರೋಕೆ ಮೈಕು, ಕುಣಿಯುವ ಬಣ್ಣದ ದೀಪ ಎಂದು ಪಟ್ಟಿ ಬೆಳೆದಷ್ಟೂ ಸ್ಪೀಕರಿಗೆ ಉಳಿದ ದುಡ್ಡು ಎಷ್ಟೆಂಬ ಅನುಮಾನವೂ ಬೆಳೆಯಬೇಕು.

ಮೂರನೆಯ ದಾರಿ ಎವಿ ರಿಸೀವರ್ ಮತ್ತು ಬಿಡಿ ಸ್ಪೀಕರುಗಳದು. ಡೆನನ್, ಯಮಾಹಾ, ಸೋನಿ, ಓಂಕ್ಯೊ, ಮರಾಂಟ್ಜ್ ಮುಂತಾದವರ ಈ ರಿಸೀವರ್ ಟಿವಿ, ಸೆಟ್‌ಟಾಪ್ ಬಾಕ್ಸು, ಗೇಮಿನ ಯಂತ್ರ ಎಲ್ಲದರಿಂದ ಸಂಕೇತ ತೆಗೆದುಕೊಂಡು, ಅದನ್ನು ಬಿಡಿಸಿ, ಶಕ್ತಿ ತುಂಬಿ ಒಂದೊಂದು ಸ್ಪೀಕರಿಗೂ ಅದರ ಪಾಲು ಕಳಿಸುತ್ತದೆ. ದುಬಾರಿ ಎಂದು ಹೆದರಿ ಹೊಸಬರು ಇದರಿಂದ ದೂರ ಸರಿಯುತ್ತಾರೆ. ಒಟ್ಟಿಗೇ ಎಲ್ಲವನ್ನೂ ಕೊಳ್ಳಬೇಕೆಂದು ಯಾರೂ ಹೇಳಿಲ್ಲ. ಮೊದಲ ವರ್ಷ ರಿಸೀವರ್ ಮತ್ತು ಮುಂದಿನ ಎರಡು, ಕೈ ಸಡಿಲವಾದಾಗ ನಡುವಿನದು, ಆಮೇಲೆ ಸಬ್‌ವೂಫರ್, ಕೊನೆಗೆ ಹಿಂದಿನವು. ಮುಂದಿನ ಮೂರೂ ಒಂದೇ ಕಂಪನಿಯ ಒಂದೇ ಸಾಲಿನವಾಗಿದ್ದರೆ ಮಾತು, ಸದ್ದು ಒಂದರಿಂದ ಇನ್ನೊಂದಕ್ಕೆ ದಾಟುವಾಗ ದನಿಯ ಬಣ್ಣ ಬದಲಾಗುವುದಿಲ್ಲ. ಹಿಂದಿನವು ಕೊಂಚ ಬೇರೆಯಾದರೂ ನಡೆಯುತ್ತದೆ. ಒಟ್ಟು ದುಡ್ಡಿನ ಅರ್ಧದಷ್ಟನ್ನು ಮುಂದಿನ ಮೂರಕ್ಕೇ ಮೀಸಲಿಟ್ಟರೆ ಅತಿಯಾಗದು. ಹತ್ತು ವರ್ಷದಲ್ಲಿ ರಿಸೀವರ್ ಹಳತಾಗುತ್ತದೆ, ಒಳ್ಳೆಯ ಸ್ಪೀಕರು ಆಗುವುದಿಲ್ಲ.

ವಾಟಿನ ಲೆಕ್ಕದಷ್ಟು ಗೊಂದಲ ಬೇರೆಲ್ಲೂ ಇಲ್ಲ. ಒಂದು ಕಾಲಕ್ಕೆ ತೋಳಿನಲ್ಲಿ ಎತ್ತಿಕೊಂಡು ಹೋಗಬಹುದಾದ ಟೇಪ್ ರೆಕಾರ್ಡರಿನ ಮೇಲೂ ಸಾವಿರಗಟ್ಟಲೆ ವಾಟ್ ಪಿಎಂಪಿಒ ಎಂದು ಅಚ್ಚಾಗುತ್ತಿತ್ತು. ಅಷ್ಟು ಶಕ್ತಿ ನಿಜಕ್ಕೂ ಹೊರಬಿದ್ದಿದ್ದರೆ ಮನೆಯ ಫ್ಯೂಸು ಮೊದಲು ಹಾರಬೇಕಿತ್ತು. ಪಿಎಂಪಿಒಗೆ ಯಾರೂ ಒಪ್ಪಿದ ಅಳತೆಗೋಲಿಲ್ಲ, ಅದನ್ನು ನೋಡದಿರುವುದೇ ಸರಿ. ಆರ್‌ಎಂಎಸ್ ಎಂದಿರುವ ಅಂಕಿ ನಂಬಬಹುದಾದದ್ದು. ಅದರಲ್ಲೂ ಎಷ್ಟು ಓಮ್‌ಗೆ, ಒಮ್ಮೆಗೆ ಎಷ್ಟು ಚಾನೆಲ್ ನುಡಿಯುವಾಗ ಎಂದು ಕೇಳಬೇಕು. ಅದಕ್ಕಿಂತ ದೊಡ್ಡ ಸಂಗತಿ ಬೇರೆ: ವಾಟು ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ, ಬರೀ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟು ಬೇಕು. 50 ವಾಟಿನದು ಬಿಟ್ಟು 100 ವಾಟಿನದನ್ನು ಹೆಚ್ಚು ಬೆಲೆ ಕೊಟ್ಟು ತಂದವರಿಗೆ ಸಿಗುವುದು ಕಿವಿಗೊಟ್ಟು ಕೇಳಿದರೆ ಗೊತ್ತಾಗುವಷ್ಟು ವ್ಯತ್ಯಾಸ. ಸ್ಪೀಕರಿನ ಹಿಂದೆ ‘ಸೆನ್ಸಿಟಿವಿಟಿ’ ಎಂದು ಬರೆದಿರುವ ಅಂಕಿ 86ರ ಬದಲು 89 ಇದ್ದರೆ ಅದೇ ಲಾಭ ಪುಕ್ಕಟೆಯಾಗಿ ಬಂತು.

ಸಬ್‌ವೂಫರಿಗೆ ಪರದೆಯ ಪಕ್ಕದಲ್ಲೇ ಕೂರಬೇಕೆಂಬ ಹಟವಿಲ್ಲ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಪತ್ತೆಯಾಗುವುದಿಲ್ಲ. ರಿಸೀವರಿನಲ್ಲಿ ಅದನ್ನೇ ಗಡಿಯಾಗಿಟ್ಟು ಕೆಳಗಿನದನ್ನು ವೂಫರಿಗೆ ಬಿಡುವುದು ವಾಡಿಕೆ. ಅದಕ್ಕೆ ಒಳ್ಳೆಯ ಜಾಗ ಹುಡುಕುವ ವಿಧಾನ ಒಂದಿದೆ. ವೂಫರನ್ನು ಕೂರುವ ಸೋಫಾದ ಮೇಲೆಯೇ ಇಟ್ಟು, ತಗ್ಗು ಸ್ವರವಿರುವ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿ, ಮನೆಯ ಯಜಮಾನರು ಗೋಡೆಯ ಉದ್ದಕ್ಕೂ ಅಂಬೆಗಾಲಿಕ್ಕಿಕೊಂಡು ಹೋಗಬೇಕು. ಎಲ್ಲಿ ಸದ್ದು ತುಂಬಿಯೂ ಬಿಗಿಯಾಗಿಯೂ ಕೇಳುತ್ತದೋ ವೂಫರಿನ ಜಾಗ ಅದೇ. ಮೂಲೆಗೆ ಹೋದಷ್ಟೂ ಗುಡುಗು ಹೆಚ್ಚು, ಗುಂಯ್‌ಗುಟ್ಟುವಿಕೆಯೂ ಹೆಚ್ಚು. ನೆಂಟರಿಲ್ಲದ ದಿನ ನೋಡಿ ಈ ಪರೀಕ್ಷೆ ಮಾಡುವುದು ಮೇಲು.

ಫ್ಲ್ಯಾಟುಗಳಲ್ಲಿ ಜಗಳ ತರುವುದೂ ಇದೇ ವೂಫರು. ಮಾತು, ಹಾಡು ಗೋಡೆಗೆ ನಿಲ್ಲುತ್ತವೆ. ತಗ್ಗು ಸದ್ದು ಸ್ಲ್ಯಾಬನ್ನೇ ಹಿಡಿದು ಕೆಳಮನೆಗೆ ಇಳಿಯುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ವೂಫರಿನ ಅಡಿಗೆ ದಪ್ಪ ರಬ್ಬರಿನ ಮಣೆ ಇಡುವುದು, ರಿಸೀವರಿನ ‘ನೈಟ್ ಮೋಡ್’ ಹಾಕುವುದು ಸ್ವಲ್ಪ ನೆರವಾಗುತ್ತವೆ. ನೈಟ್ ಮೋಡ್ ಜೋರು ಸದ್ದನ್ನು ತಗ್ಗಿಸಿ ಪಿಸುಮಾತನ್ನು ಏರಿಸುವುದರಿಂದ ಮಾತೂ ತಿಳಿಯುತ್ತದೆ.

2012ರಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಬಂದ ಡಾಲ್ಬಿ ಅಟ್ಮಾಸ್ ಸದ್ದನ್ನು ತಲೆಯ ಮೇಲಕ್ಕೂ ಒಯ್ದಿತು. 5.1.2 ಎಂದಿದ್ದರೆ ಕೊನೆಯ ಎರಡು ಸೂರಿನ ಸ್ಪೀಕರುಗಳು. ಸೂರು ಕೊರೆಯಲು ಆಗದವರಿಗೆಂದು ಸದ್ದನ್ನು ಮೇಲಕ್ಕೆ ಎಸೆದು ಪುಟಿಸುವ ಸ್ಪೀಕರುಗಳಿವೆ. ಅವಕ್ಕೆ ಗಟ್ಟಿಯಾದ, ಸಮತಟ್ಟಾದ, ಬಹಳ ಎತ್ತರವಿಲ್ಲದ ಚಾವಣಿ ಬೇಕು. ಆರ್‌ಸಿಸಿ ಮನೆಯಲ್ಲಿ ಸರಿ. ಮಲೆನಾಡು, ಕರಾವಳಿಯ ಇಳಿಜಾರು ಮಂಗಳೂರು ಹಂಚಿನ ಮಾಡಿನಡಿ ಪುಟಿದ ಸದ್ದು ಎತ್ತಲೋ ಹೋಗುತ್ತದೆ. ನಿಜವಾದ ಮಳೆಗೇ ಅಲ್ಲಿ ಸದ್ದು ಸಾಕಷ್ಟಿರುತ್ತದೆ. ಹೊಸಬರು ಅಟ್ಮಾಸಿಗಾಗಿ ನಡುವಿನ ಸ್ಪೀಕರಿನಲ್ಲಿ ಉಳಿತಾಯ ಮಾಡುವುದು ಮಾತ್ರ ತಪ್ಪು ಲೆಕ್ಕ.

ತಂತಿಗಳಲ್ಲಿ ಮುಖ್ಯವಾದದ್ದು ಟಿವಿಯಿಂದ ಸದ್ದನ್ನು ಹೊರತರುವ ಎಚ್‌ಡಿಎಂಐ. ಟಿವಿಯ ಹಿಂದಿನ ಮೂರ್ನಾಲ್ಕು ಕಿಂಡಿಗಳಲ್ಲಿ ಸಾಮಾನ್ಯವಾಗಿ ಒಂದರ ಮೇಲಷ್ಟೇ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದಿರುತ್ತದೆ. ತಂತಿ ಅದಕ್ಕೇ ಹೋಗಬೇಕು. ಓಟಿಟಿಯ ಅಟ್ಮಾಸಿಗೆ ಎಆರ್‌ಸಿ ಸಾಕು, ಬ್ಲೂ-ರೇ ಡಿಸ್ಕಿನ ಕುಗ್ಗಿಸದ ಸದ್ದು ಟಿವಿಯ ಮೂಲಕ ಬರಬೇಕಾದರೆ ಇಎಆರ್‌ಸಿ ಬೇಕು. ಹಳೆಯ ಆಪ್ಟಿಕಲ್ ತಂತಿ 5.1ರವರೆಗೆ ಹೊರುತ್ತದೆ, ಅಟ್ಮಾಸನ್ನು ಹೊರಲಾರದು. ಟಿವಿಯ ಸೆಟಿಂಗಿನಲ್ಲಿ ಸದ್ದಿನ ಹೊರಹಾದಿ ‘ಪಿಸಿಎಂ’ ಎಂದೇ ಉಳಿದಿದ್ದರೆ ಹೆಚ್ಚಿನ ಟಿವಿಗಳು ಎರಡೇ ಹಾದಿಯ ಸದ್ದು ಕಳಿಸುತ್ತವೆ; ಅದನ್ನು ‘ಪಾಸ್‌ಥ್ರೂ’ ಅಥವಾ ‘ಬಿಟ್‌ಸ್ಟ್ರೀಮ್’ಗೆ ಬದಲಿಸಬೇಕು. ಸ್ಪೀಕರಿನ ತಂತಿಗೆ ಹತ್ತು ಮೀಟರಿನೊಳಗೆ 1.5 ಚದರ ಮಿಲಿಮೀಟರಿನ ಅಪ್ಪಟ ತಾಮ್ರ, ಅದಕ್ಕೂ ಉದ್ದವಾದರೆ 2.5 ಸಾಕು; ತಾಮ್ರದ ತೆಳು ಲೇಪದ ಅಲ್ಯುಮಿನಿಯಂ ಬೇಡ. ಚಿನ್ನದ ಲೇಪದ ಪಿನ್ನು, ಸಾವಿರಾರು ರೂಪಾಯಿಯ ಕೇಬಲ್ಲು ಅಂಗಡಿಯವರ ಮಗಳ ಮದುವೆಗೆ ನೆರವಾದೀತು, ಅಷ್ಟೇ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿಸುವುದನ್ನು ಮಾತ್ರ ಎರಡೆರಡು ಸಲ ನೋಡಬೇಕು. ಒಂದೇ ಒಂದು ಸ್ಪೀಕರು ಅದಲುಬದಲಾದರೂ ತಗ್ಗು ಸದ್ದು ತೆಳುವಾಗಿ ಹಾಡು ಟೊಳ್ಳಾಗುತ್ತದೆ.

ಅಮೆರಿಕದಿಂದ ಬರುವ ಮಗನ ಕೈಲಿ ರಿಸೀವರ್ ತರಿಸುವವರಿಗೆ ಒಂದು ಎಚ್ಚರಿಕೆ. ಅಲ್ಲಿಯದು 120 ವೋಲ್ಟಿನ ಕರೆಂಟು, ಇಲ್ಲಿಯದು 230. ಅಲ್ಲಿನ ಮಾರುಕಟ್ಟೆಗೆಂದು ಮಾಡಿದ ರಿಸೀವರನ್ನು ಪಿನ್ನು ಬದಲಿಸಿ ನೇರ ಚುಚ್ಚಿದರೆ ಹೊಗೆ ಬರುವುದು ನಿಮಿಷದ ಮಾತು. ತಕ್ಕ ಶಕ್ತಿಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಇಲ್ಲಿ ವಾರಂಟಿ ಸಿಗುವ ಭರವಸೆಯೂ ಇಲ್ಲ. ಜೊತೆಗೆ ಡಿಸ್ಕನ್ನೂ ತರಿಸುವುದಿದ್ದರೆ, ಅಲ್ಲಿನ ಬ್ಲೂ-ರೇ ಡಿಸ್ಕು ‘ಎ’ ವಲಯದ್ದು, ಭಾರತದ್ದು ‘ಸಿ’; ಇಲ್ಲಿನ ಪ್ಲೇಯರಿನಲ್ಲಿ ಅದು ಓಡದಿರಬಹುದು.

ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ ಮಾಲಿನ ಹವಾನಿಯಂತ್ರಿತ ಷೋರೂಮಾಗಲಿ, ಅಂಗಡಿಯವರು ಕೇಳಿಸುವುದು ಕಾರು ಉರುಳುವ, ಕಟ್ಟಡ ಕುಸಿಯುವ ದೃಶ್ಯ. ಅದರಲ್ಲಿ ಕೆಟ್ಟ ಸ್ಪೀಕರೂ ಗೆಲ್ಲುತ್ತದೆ. ಮನೆಯವರೆಲ್ಲ ಚೆನ್ನಾಗಿ ಬಲ್ಲ ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. 2022ರ ‘ಕಾಂತಾರ’ವೇ ಇರಲಿ: ಕೊನೆಯಲ್ಲಿ ದೈವದ ಕೂಗು ಬಂದಾಗ ಮೈ ಜುಮ್ಮೆನ್ನಬೇಕು, ಜೊತೆಗೆ ಅದಕ್ಕೂ ಮುಂಚಿನ ಕುಂದಾಪುರ ಕಡೆಯ ಮಾತು ಪದಪದವೂ ತಿಳಿಯಬೇಕು. ಎರಡು ಸೆಟ್ಟು ಹೋಲಿಸುವಾಗ ಎರಡರ ವಾಲ್ಯೂಮೂ ಒಂದೇ ಮಟ್ಟದಲ್ಲಿರಲೆಂದು ಪಟ್ಟು ಹಿಡಿಯಬೇಕು. ಚೂರು ಜೋರಿರುವುದೇ ಕಿವಿಗೆ ಉತ್ತಮವೆನಿಸುತ್ತದೆ, ಇದು ಮಾರುವವರಿಗೆ ಚೆನ್ನಾಗಿ ಗೊತ್ತು. ಹಾಗೆಯೇ ಮನೆಯಲ್ಲಿ ಕೇಳುವಷ್ಟು ಸಣ್ಣ ಸದ್ದಿನಲ್ಲೂ ಕೇಳಿ ನೋಡಬೇಕು. ಸದ್ದು ಇಳಿದಂತೆ ಕಿವಿ ತಗ್ಗು ಸ್ವರಗಳನ್ನು ಮೊದಲು ಬಿಟ್ಟುಕೊಡುತ್ತದೆ ಎಂದು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ.

ಮನೆಗೆ ತಂದ ದಿನ ರಿಸೀವರಿನ ಜೊತೆ ಬಂದ ಪುಟ್ಟ ಮೈಕನ್ನು ಥರ್ಮೋಕೋಲಿನ ಸಂದಿಯಿಂದ ಮರೆಯದೆ ಹೊರತೆಗೆಯಬೇಕು. ಅದನ್ನು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ನಿಲ್ಲಿಸಿದರೆ ಯಂತ್ರ ಒಂದೊಂದು ಸ್ಪೀಕರಿನಿಂದಲೂ ಕುಯ್ಯೆಂದು ಸದ್ದು ಬಿಟ್ಟು ದೂರ, ಮಟ್ಟ ಎರಡನ್ನೂ ಅಳೆದುಕೊಳ್ಳುತ್ತದೆ. ಸದ್ದಿಗೆ ಒಂದಡಿ ದಾಟಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡು ಹಿಡಿಯುವುದರಿಂದ ಹತ್ತಿರದ ಸ್ಪೀಕರನ್ನು ಅಷ್ಟಷ್ಟೇ ತಡೆದು ಬಿಡಬೇಕಾಗುತ್ತದೆ. ಮೊದಲು ಮುಟ್ಟಿದ ಸದ್ದು ಬಂದ ಕಡೆಯೇ ಎಲ್ಲ ಸದ್ದೂ ಬಂತೆಂದು ಕಿವಿ ನಂಬುತ್ತದೆ. ಈ ಅಳತೆಯ ಹೊತ್ತಿಗೆ ಫ್ಯಾನು, ಮಿಕ್ಸಿ, ಕುಕ್ಕರು ಎಲ್ಲ ನಿಂತಿರಬೇಕು. ಸೋಫಾ ಜಾಗ ಬದಲಿಸಿದರೆ ಅಳತೆಯನ್ನೂ ಮತ್ತೆ ಮಾಡಬೇಕು. ರಿಸೀವರನ್ನು ಗಾಜಿನ ಬಾಗಿಲ ಕಪಾಟಿನೊಳಗೆ ಮುಚ್ಚಿಡದೆ ಮೇಲೆ ನಾಲ್ಕಾರು ಇಂಚು ಗಾಳಿಯಾಡಲು ಬಿಡಬೇಕು, ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಬಾರದು. ಗುಡುಗು ಮಿಂಚಿನ ಸಂಜೆ ಪ್ಲಗ್ಗು ಕಿತ್ತಿಡುವುದರ ಜೊತೆಗೆ ಟಿವಿಗೆ ಬರುವ ಡಿಶ್ಶಿನ ತಂತಿಯನ್ನೂ ಬಿಚ್ಚಬೇಕು; ಸಿಡಿಲಿನ ಹೊಡೆತ ಆ ದಾರಿಯಲ್ಲಿ ಬಂದು ಎಚ್‌ಡಿಎಂಐ ಮೂಲಕ ರಿಸೀವರಿಗೂ ತಗಲಬಹುದು.